ಬಳಚಿನಕ್ಕನ ಜಾಗ

ಕಳೆದ ಭಾನುವಾರ ಬಿ.ಟಿ.ಎಂ. ಲೇಔಟಿನ ಮೀನಿನಂಗಡಿಯಲ್ಲಿ ಬಂಗುಡೆಗೆಂದು ನಿಂತಿದ್ದೆ. ಪಕ್ಕದ ಬುಟ್ಟಿಯಲ್ಲಿ ಬಳಚು ಎಂಬ ಚಿಪ್ಪುಮೀನು ಇತ್ತು, ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು, ಕೆಸರು ಮೆತ್ತಿಕೊಂಡು. ಆ ಉಪ್ಪುಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಗುಡೆ ಮರೆತೇಹೋಯಿತು; ಬಳಚು ಕೊಡಿ ಎಂದೆ.

"ಕ್ಲೀನ್ ಮಾಡಿ ಕೊಡ್ಲಾ ಮೇಡಂ?" ಎಂದ ಅಂಗಡಿಯವನು. ಬೇಡ ಎಂದೆ. ಬಳಚಿನಕ್ಕ ನೆನಪಾಗಿದ್ದರು...

ಹನ್ನೆರಡು ವರ್ಷದ ಹಿಂದೆ ಜಯನಗರದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಒಂದು ಅಳಿವೆಯಲ್ಲಿ, ಉಪ್ಪುನೀರಲ್ಲೂ ಬೆಳೆಯುವ ಕಾಂಡ್ಲಾ ಗಿಡ ನೆಡುವ ಯೋಜನೆ ನಮ್ಮದು. ನಕ್ಷೆ ಬರೆಯುವವಳು ನಾನು. ಶಾಲಾ ಪ್ರವಾಸದಲ್ಲಿ ಒಮ್ಮೆ ಸಮುದ್ರ ಕಂಡಿದ್ದ ಬನಶಂಕರಿಯ ಹುಡುಗಿಯಾದ ನನಗೆ ಅಳಿವೆ ತೋರಿಸಿದವರು, ಅಲ್ಲೇ ಬಳಚು ಹೆಕ್ಕಿ ಬದುಕುತ್ತಿದ್ದ ಈ ಬಳಚಿನಕ್ಕ. ನೀರು ಇಳಿದಾಗ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು, ಕಾಲ್ಬೆರಳಲ್ಲೇ ತಡಕಿ ಬಳಚು ಹೆಕ್ಕುತ್ತಿದ್ದರು. ನಾನು ಮೊಣಕಾಲವರೆಗೆ ಹೂತುಹೋದಾಗ ಎಳೆದು ನಿಲ್ಲಿಸಿ, ನಕ್ಕೂ ನಕ್ಕೂ ಸುಸ್ತಾಗಿದ್ದರು.

ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ನಾನು ಗುರುತಿಸಿದ್ದ ಕೆಸರುಬಯಲನ್ನು ತೋರಿಸಿದಾಗ ಮಾತ್ರ ಆ ನಗು ನಿಂತಿತು.

"ಅದು ಖಾಲಿ ಅಲ್ಲ ತಂಗೀ. ನಮ್ಮನೆ ಒಲೆ ಉರಿಯೂದೇ ಅದ್ರಿಂದ. ಅಲ್ಲಿ ಗಿಡ ನೆಟ್ರೆ ಕೆಸರು ಕಟ್ತದೆ, ಬಳಚು ಸಾಯ್ತದೆ. ಆಚೆ ದಂಡೆಗೆ ನೆಡಿ."

ಅವರೆದುರೇ ಆ ಬಯಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಇಷ್ಟು ಜಾಗದಲ್ಲಿ ಗಿಡ ನೆಡದಂತೆ ಬಿಡಿಸುತ್ತೇನೆ ಎಂದು ಮಾತು ಕೊಟ್ಟೆ.

ಆಫೀಸಿಗೆ ಮರಳಿದರೆ ಸಸಿಗಳು ಆಗಲೇ ಸಿದ್ಧವಾಗಿದ್ದವು. ಆಚೆ ದಂಡೆಗೆ ಹೊಸದಾಗಿ ಅನುಮತಿ ಕೇಳಬೇಕಿತ್ತು. "ಮ್ಯಾಪ್ ರೆಡಿನಾ?" ಎಂದರು ನಮ್ಮ ಸಾರ್. ಹೊಸ ಕೆಲಸ, ಹುಟ್ಟಾ ಪುಕ್ಕಲು ನಾನು. ರಬ್ಬರು ತೆಗೆದು ಗೆರೆ ಅಳಿಸಿ, "ರೆಡಿ ಸಾರ್" ಎಂದೆ.

ಗಿಡಗಳು ಸೊಗಸಾಗಿ ಬಂದವು. ಪ್ರತಿವರ್ಷ ಹೋಗಿ ಗಿಡ ಎಣಿಸಿದೆವು, ಎತ್ತರ ಅಳೆದೆವು. ಬಳಚು ಎಷ್ಟು ಉಳಿದಿದೆ ಎಂದು ಯಾರೂ ನೋಡಲಿಲ್ಲ. ಮೂರನೆಯ ವರ್ಷ ಬಯಲಿನಲ್ಲಿ ಹೆಕ್ಕುವವರೇ ಇರಲಿಲ್ಲ. ಬಳಚಿನಕ್ಕ ಪೇಟೆಯ ಶೆಡ್ಡಿನಲ್ಲಿ ಯಾರದೋ ಮೀನು ಹೆಚ್ಚುತ್ತಿದ್ದರು. ನನ್ನ ಮುಖ ನೋಡಿ ತಾವೇ ಸಮಾಧಾನ ಹೇಳಿದರು:

"ನೀ ಹೇಳಿರ್ತಿ ಬಿಡು ತಂಗೀ. ದೊಡ್ಡೋರು ಕೇಳ್ಬೇಕಲ್ಲ, ನೀ ಎಂತ ಮಾಡೂದು?"

ನಾನು ಹೌದೆಂದು ತಲೆಯಾಡಿಸಿದೆ. ಅವರು ತಮ್ಮ ಡಬ್ಬಿಯ ಊಟದಲ್ಲಿ ಅರ್ಧ ಕೊಟ್ಟರು. ನಾಚಿಕೆಯಿಲ್ಲದೆ ಅದನ್ನೂ ತಿಂದೆ...

ಆಮೇಲೆ ಹಬ್ಬಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಈ ಸಲ ನಿಜ ಹೇಳಿಬಿಡೋಣ ಅಂದುಕೊಳ್ಳುವುದು, ಮಳೆ ಹೇಗಿದೆ ಎಂದು ಕೇಳಿ ಇಟ್ಟುಬಿಡುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು.

ಭಾನುವಾರ ಬಳಚನ್ನು ಜೆ.ಪಿ. ನಗರದ ಮನೆಗೆ ತಂದು, ಅವರು ಕಲಿಸಿದ ಹಾಗೆ ಉಪ್ಪುನೀರಿನಲ್ಲಿ ಹಾಕಿಟ್ಟೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಚಿಪ್ಪು ತೆರೆದು, ಒಳಗಿನ ಮರಳು ಪಾತ್ರೆಯ ತಳಕ್ಕೆ ಇಳಿಯತೊಡಗಿತು.

"ಅಕ್ಕಾ, ಅವತ್ತು ಆಫೀಸಲ್ಲಿ ನಾನು ಹೇಳ್ಲೇ ಇಲ್ಲ," ಎಂದೆ.

ಅಡುಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.