ಹನ್ನೆರಡು ದಿನದಲ್ಲಿ ಹಳೆಯದಾದ ಪಂಚೆ

ನರಹರಿ ಸುಳ್ಳು ಹೇಳುವವನಲ್ಲ. ಹೇಳಿದ್ದು ಒಂದೇ ಒಂದು ಸಲ, ಅದೂ ಪಂಚೆಯ ವಿಚಾರದಲ್ಲಿ. ಮೈಸೂರಿಗೆ ಹೆಣ್ಣು ನೋಡಲು ಹೋದ ದಿನ ತಾಯಿಯ ಬಲವಂತಕ್ಕೆ ಸಣ್ಣ ಅಂಚಿನ ಬಿಳೀ ಪಂಚೆ ಉಟ್ಟಿದ್ದ. ಹುಡುಗಿಯ ತಾಯಿ ಇಂದಿರಮ್ಮ ಕಾಫಿ ಲೋಟ ಕೊಡುತ್ತಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಲೆಂಡ್‌ನಲ್ಲೂ ಪಂಚೆ ಉಡ್ತೀರಾ?" ಎಂದು ಕೇಳಿದರು. "ಮನೇಲಿದ್ರೆ ಪಂಚೇನೇ," ಎಂದುಬಿಟ್ಟ. ಆ ಮಾತಿಗೇ ಮದುವೆ ಕುದುರಿತೆಂದು ಹೇಳಲಾಗದು, ಆದರೆ ಇಂದಿರಮ್ಮ ಮುಂದೆ ಎರಡು ವರ್ಷ ನೆಂಟರಿಷ್ಟರ ಮುಂದೆಲ್ಲ ಅದನ್ನು ಹೇಳಿಕೊಂಡು ತಿರುಗಿದ್ದಂತೂ ನಿಜ.

ಹಾಲೆಂಡಿನ ಲೈಡನ್ ಊರಿನ ಅವನ ಅಟ್ಟದ ಮನೆಯಲ್ಲಿ ತಾಯಿ ಕಟ್ಟಿಕೊಟ್ಟ ನಾಲ್ಕು ಪಂಚೆಗಳು ಪೆಟ್ಟಿಗೆಯ ತಳದಲ್ಲಿದ್ದವು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ, ಮಿಲ್ಲಿನ ಚೀಟಿ ಅಂಟಿದಂತೆಯೇ ಇತ್ತು. ಆ ಊರಿನ ಚಳಿಗೆ ಪಂಚೆ ಉಡುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಅತ್ತೆ ಎದುರಿಗೆ ಕೂತಿರಬೇಕು. ನರಹರಿಗೆ ಎರಡೂ ಒದಗಿಬಂದಿರಲಿಲ್ಲ.

ಅವನ ಕೆಲಸವೂ ಚಳಿಯದ್ದೇ. ಬಯೋಸೈನ್ಸ್ ಪಾರ್ಕಿನ ಒಂದು ಲ್ಯಾಬಿನಲ್ಲಿ ಸ್ಯಾಂಪಲ್‌ಗಳ ಉಸ್ತುವಾರಿ. ಯಾರ್ಯಾರದೋ ರಕ್ತ, ಯಾರ್ಯಾರದೋ ಜೀವಕೋಶ, ಎಲ್ಲವನ್ನೂ ಸಣ್ಣ ಕೊಳವೆಗಳಲ್ಲಿ ತುಂಬಿ, ಹೆಸರು ತಾರೀಕು ಅಂಟಿಸಿ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್‌ಗಳಲ್ಲಿ ಜೋಪಾನ ಮಾಡುವುದು. ಇಪ್ಪತ್ತು ವರ್ಷ ಬಿಟ್ಟು ತೆಗೆದರೂ ಇದ್ದದ್ದು ಇದ್ದ ಹಾಗೇ ಇರಬೇಕು. ಆ ಕೆಲಸದಲ್ಲಿ ಅವನ ಕೈ ಶುದ್ಧ. ತನ್ನದೇ ಮಗುವಿನ ಮೊದಲ ಮೂರು ತಿಂಗಳು ಮಾತ್ರ ಅವನ ಕೈಗೆ ಸಿಗದೆ ಜಾರಿಹೋಗಿತ್ತು.

ಹೆಂಡತಿ ಹಿತಾ ಮೊದಲ ಹೆರಿಗೆಗೆಂದು ೨೦೨೦ರ ಜನವರಿಯಲ್ಲೇ ಮೈಸೂರಿನ ತವರಿಗೆ ಹೋಗಿದ್ದಳು. ನರಹರಿ ಏಪ್ರಿಲ್ ಕೊನೆಗೆ ಟಿಕೆಟ್ ಮಾಡಿಟ್ಟಿದ್ದ. ಮಾರ್ಚಿನಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು. ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು, ಫೋನಿನಲ್ಲಿ ಅಂಗೈಯಗಲದ ಮಗಳನ್ನು ನೋಡಿದ. ಆಮೇಲೆ ಸರಕಾರದ ವಿಶೇಷ ವಿಮಾನಗಳು ಶುರುವಾದಾಗ ಅವನ ಪರ್ಮಿಟ್ ನವೀಕರಣಕ್ಕೆ ಹೋಗಿ ಕೂತಿತ್ತು. ಊರಿಗೆ ಹೋದರೆ ವಾಪಸ್ ಬಿಡುತ್ತಾರೆಂಬ ಭರವಸೆ ಇರಲಿಲ್ಲ, ಕೆಲಸ ಹೋದರೆ ಮೂವರಿಗೂ ಅನ್ನವಿಲ್ಲ. ಹಿತಾ ಇತ್ತ ಬರೋಣವೆಂದರೆ ವೀಸಾ ಆಫೀಸಿನ ಬಾಗಿಲು ಮುಚ್ಚಿತ್ತು.

ಮಗಳ ಆಕಳಿಕೆ, ಸೀನು, ಬಿಕ್ಕಳಿಕೆ ಎಲ್ಲವೂ ಅವನಿಗೆ ಗೊತ್ತಿತ್ತು. ತೂಕ ಗೊತ್ತಿರಲಿಲ್ಲ. ಒಂದು ದಿನ ಹಿತಾ, "ಡಾಕ್ಟ್ರು ನೋಡಿದ್ರು ರೀ, ಕರೆಕ್ಟಾಗಿ ಐದು ಕೇಜಿ," ಎಂದಾಗ, ಫೋನ್ ಇಟ್ಟವನೇ ಅಡುಗೆ ಕಟ್ಟೆಯ ಕೆಳಗಿದ್ದ ಐದು ಕಿಲೋ ಅಕ್ಕಿಯ ಚೀಲವನ್ನು ಎತ್ತಿ ಎಡತೋಳಿನಲ್ಲಿ ಮಲಗಿಸಿಕೊಂಡು ಮನೆಯೆಲ್ಲ ಒಂದು ಸುತ್ತು ಹಾಕಿದ. ಎಷ್ಟು ಭಾರ, ಎಷ್ಟು ಹಗುರ ಎಂದು ಅವನಿಗೇ ತಿಳಿಯಲಿಲ್ಲ. ಆ ಚೀಲವನ್ನು ಬಿಚ್ಚಲು ಮನಸ್ಸು ಬರದೆ ಒಂದು ವಾರ ಬ್ರೆಡ್ಡು ತಿಂದ.

ಆಗಸ್ಟ್ ಮೊದಲ ವಾರ ಇಂದಿರಮ್ಮ ತಾವೇ ಫೋನ್ ಮಾಡಿದರು.

"ನೋಡಿ ನರಹರಿ, ನೀವು ಬರಲಿ ಅಂತ ತೊಟ್ಟಿಲ ಶಾಸ್ತ್ರ ಮುಂದೆ ಹಾಕ್ತಾ ಬಂದ್ವಿ. ಇನ್ನು ಆಗಲ್ಲ. ಮೂವತ್ತನೇ ತಾರೀಕು ಮಾಡಿಬಿಡೋಣ, ನೀವು ವಿಡಿಯೋದಲ್ಲೇ ನೋಡಿ. ಆದ್ರೆ ಜೋಲಿಗೆ ನಿಮ್ಮ ಹಳೇ ಪಂಚೆ ಒಂದು ಬೇಕು. ನಮ್ಮನೇಲಿ ಮಗು ಅಪ್ಪ ಉಟ್ಟ ಪಂಚೇಲೇ ಮಲಗಬೇಕು. ಹಿತಾ ಮಲಗಿದ್ದೂ ಅವರಪ್ಪನ ಪಂಚೇಲೇ."

"ಅಲ್ಲೇ ಒಂದು ತಗೊಂಡ್ರೆ ಆಗಲ್ವಾ ಅತ್ತೆ?"

"ಹೊಸದು ಒರಟು, ಮಗೂಗೆ ಚುಚ್ಚುತ್ತೆ. ಅಲ್ಲದೆ ಅಪ್ಪನ ಮೈವಾಸನೆ ಮಗೂಗೆ ಗೊತ್ತಾಗೋದು ಬೇಡ್ವೇ? ಎತ್ಕೊಳ್ಳೋಕೆ ನಿಮಗಂತೂ ಆಗ್ಲಿಲ್ಲ. ನೀವು ದಿನಾ ಉಡೋರು, ಹಳೇದಕ್ಕೇನು ಬರ."

ಕೊನೆಯ ಮಾತಿನಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅದೇ ನರಹರಿಯನ್ನು ಹೆಚ್ಚು ಚುಚ್ಚಿತು. ಅಂಚೆಯವರನ್ನು ಕೇಳಿದರೆ ಭಾರತಕ್ಕೆ ಪಾರ್ಸೆಲ್ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದರು. ಬೆಸ್ಟ್ ಎಂಬ ಊರಿನಲ್ಲಿದ್ದ ಗೆಳೆಯ ಬಸವಂತಪ್ಪನಿಗೆ ಪ್ರಾಜೆಕ್ಟ್ ಮುಗಿದು ಹದಿನೇಳನೇ ತಾರೀಕಿನ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತ್ತು. ಅಂದರೆ ಅಂಟಿದ ಚೀಟಿಯೂ ಕೀಳದ ಪಂಚೆಯನ್ನು ಹನ್ನೆರಡು ದಿನದಲ್ಲಿ ಹಳೆಯದು ಮಾಡಬೇಕು.

ಮೊದಲ ದಿನ ಬುದ್ಧಿವಂತಿಕೆ ತೋರಿಸಲು ಹೋದ. ಪಂಚೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ, ಬಿಸಿನೀರಿನಲ್ಲಿ ಒಂದರ ಹಿಂದೊಂದು ನಾಲ್ಕು ಸಲ ತಿರುಗಿಸಿದ. ಬಟ್ಟೆ ಸುಕ್ಕಾಯಿತೇ ಹೊರತು ಹಳೆಯದಾಗಲಿಲ್ಲ. ಮೂಸಿ ನೋಡಿದರೆ ಸೋಪಿನ ಪುಡಿಯ ಲ್ಯಾವೆಂಡರ್ ವಾಸನೆ. ಹಿತಾ ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದಳು. ಗಂಡನ ಸುಳ್ಳು ಅವಳಿಗೆ ಮದುವೆಯಾದ ವಾರಕ್ಕೇ ಗೊತ್ತಿತ್ತು, ಅಮ್ಮನಿಗೆ ಹೇಳಿರಲಿಲ್ಲ ಅಷ್ಟೇ.

"ಉಟ್ರೇನೇ ಹಳೇದಾಗೋದು ರೀ," ಎಂದಳು. "ಸುಮ್ನೆ ಉಟ್ಕೊಂಡು ಓಡಾಡಿ."

ಆ ವಾರವೇ ಬಿಸಿಲು ಏರಿತು. ಮೂವತ್ತು, ಮೂವತ್ತಮೂರು, ಮೂವತ್ತೈದು. ನಮ್ಮ ಕಡೆಯವನಿಗೆ ಇದೇನು ಮಹಾ ಎನ್ನಬೇಡಿ. ಆ ದೇಶದ ಮನೆಗಳನ್ನು ಕಟ್ಟಿರುವುದು ಒಳಗೆ ಬಂದ ಶಾಖ ಹೊರಗೆ ಹೋಗದಿರಲಿ ಎಂದು. ಇಳಿಜಾರು ಹೆಂಚಿನ ಕೆಳಗೆ ನರಹರಿಯ ಅಟ್ಟ, ಕೈಯೆತ್ತಿದರೆ ಸೂರು ಸಿಗುತ್ತಿತ್ತು, ಸೂರು ಮುಟ್ಟಿದರೆ ಕೈ ಸುಡುತ್ತಿತ್ತು. ಫ್ಯಾನ್ ತರೋಣವೆಂದರೆ ಊರಿನ ಅಂಗಡಿಗಳಲ್ಲೆಲ್ಲ ಖಾಲಿ. ಗಾಳಿ ಬರಲಿ ಎಂದು ತನ್ನೂರಿನ ಅಭ್ಯಾಸದಂತೆ ಮಧ್ಯಾಹ್ನ ಕಿಟಕಿಗಳನ್ನೆಲ್ಲ ತೆರೆದಿಟ್ಟ, ಒಲೆಯ ಬಾಯಿ ತೆರೆದಂತಾಯಿತು. ಕೆಳಗಿನ ಮನೆಯೊಡತಿ ಟ್ರೂಸ್ ಎಂಬ ಎಪ್ಪತ್ತೆಂಟರ ಮುದುಕಿ ತೋಟದಿಂದಲೇ ಗದರಿ ಕಿಟಕಿ ಮುಚ್ಚಿಸಿದಳು. ಬೆಳಗ್ಗೆ ಹತ್ತಕ್ಕೇ ಪರದೆ ಎಳೆದು, ಟಬ್ಬಿನ ತಣ್ಣೀರಿನಲ್ಲಿ ಕಾಲಿಟ್ಟು ಸಂಜೆಯವರೆಗೂ ಅಲ್ಲಾಡದೆ ಕೂರುವುದು ಅವಳ ಉಪಾಯ.

ಎಲ್ಲರೂ ಬಿಸಿಲಿಗೆ ಶಾಪ ಹಾಕುತ್ತಿದ್ದಾಗ ಆ ಬೀದಿಯಲ್ಲಿ ಬಿಸಿಲನ್ನು ಹರಸುತ್ತಿದ್ದವನು ನರಹರಿ ಒಬ್ಬನೇ. ಲ್ಯಾಬಿಗೆ ಸರದಿಯ ಮೇಲೆ ವಾರಕ್ಕೆರಡು ದಿನ ಹೋದರೆ ಸಾಕಿತ್ತು, ಉಳಿದಂತೆ ಮನೆಯಿಂದಲೇ ಕೆಲಸ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಂಚೆ, ಕ್ಯಾಮೆರಾ ಎದೆಯ ಮಟ್ಟಕ್ಕೆ. ಮೊದಲೆರಡು ದಿನ ಸೊಂಟದಲ್ಲಿ ನಿಲ್ಲದೆ ಬೆಲ್ಟ್ ಕಟ್ಟಿಕೊಂಡ. ಮೂರನೆಯ ದಿನಕ್ಕೆ ಕೈಗೆ ಅದರ ಗಂಟು ನೆನಪಾಯಿತು. ಪಂಚೆಯಲ್ಲೇ ಪಾತ್ರೆ ತೊಳೆದ, ಪಂಚೆಯಲ್ಲೇ ನೆಲದ ಮೇಲೆ ಹೊರಳಾಡಿದ, ಬೆವರಿದ ಮುಖವನ್ನು ಅದರ ಚುಂಗಿನಲ್ಲೇ ಒರೆಸಿಕೊಂಡ. ಸಂಜೆ ಆರಕ್ಕೆ ಬರೀ ನೀರಿನಲ್ಲಿ ಹಿಂಡಿ ಕಿಟಕಿಗೆ ಹರವಿದರೆ ಅರ್ಧ ಗಂಟೆಗೆ ಗರಿಗರಿ ಒಣಗುತ್ತಿತ್ತು, ಮತ್ತೆ ಉಡುತ್ತಿದ್ದ. ದಿನದಿಂದ ದಿನಕ್ಕೆ ಬಟ್ಟೆಯ ಬಿಗುವು ಇಳಿಯುತ್ತ ಬಂತು. ತನ್ನನ್ನೂ ಇಂಥದೊಂದು ಪಂಚೆಯಲ್ಲಿ ತೂಗಿದ್ದರೆಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ, ಒಂದು ಮಧ್ಯಾಹ್ನ ಕೆಲಸದ ನಡುವೆಯೇ ಅತ್ತ. ಮಗಳನ್ನು ಎತ್ತಿಕೊಳ್ಳಬೇಕೆಂಬ ಆಸೆ ಅವನ ತೋಳುಗಳಲ್ಲಿ ನೋವಾಗಿ ನಿಂತಿತ್ತು.

ಒಂಬತ್ತನೆಯ ದಿನ ಸಂಜೆ ಟ್ರೂಸ್ ತೋಟದಿಂದ ಕತ್ತೆತ್ತಿ, ತನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದಳು. "ದಿನವೂ ಇದೊಂದೇ ಬಟ್ಟೆ ಒಣಹಾಕುತ್ತೀಯಲ್ಲ, ನಿನಗೆ ಬೇರೆ ಬಟ್ಟೆ ಇಲ್ಲವೇ?"

ಅವನು ಕೆಳಗಿಳಿದು, ಬೇಲಿಯಿಂದ ಎರಡು ಮಾರು ದೂರ ನಿಂತು ಎಲ್ಲವನ್ನೂ ಹೇಳಿದ. ಅತ್ತೆಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ನಗುತ್ತಾಳೆಂದುಕೊಂಡಿದ್ದ. ಟ್ರೂಸ್ ಟಬ್ಬಿನಲ್ಲಿ ಕಾಲಾಡಿಸುವುದನ್ನು ನಿಲ್ಲಿಸಿದಳು.

"ಕಳುಹಿಸುವ ಮುಂಚೆ ಒಗೆಯುತ್ತೀಯಾ?"

"ಒಗೆಯದೆ ಹೇಗೆ? ಉಟ್ಟ ಬಟ್ಟೆ ನಮ್ಮಲ್ಲಿ ಮೈಲಿಗೆ. ಒಗೆದು ಮಡಿಸಿಯೇ ಕೊಡಬೇಕು."

"ಒಗೆಯಬೇಡ," ಎಂದಳು ಟ್ರೂಸ್. "ನನ್ನ ಗಂಡ ಸತ್ತು ಆರು ವರ್ಷವಾಯಿತು. ಅವನ ಪೈಜಾಮ ಇನ್ನೂ ಬೀರುವಿನಲ್ಲಿದೆ. ಮಗಳ ಕೈಗೆ ಸಿಕ್ಕರೆ ಒಗೆದುಬಿಡುತ್ತಾಳೆಂದು ಅಡಗಿಸಿಟ್ಟಿದ್ದೇನೆ. ಈ ಮಾರ್ಚಿನಿಂದ ನನ್ನನ್ನು ಯಾರೂ ಅಪ್ಪಿಕೊಂಡಿಲ್ಲ. ಆಗಾಗ ಅದನ್ನು ತೆಗೆದು ಮುಖಕ್ಕೆ ಹಿಡಿದುಕೊಳ್ಳುತ್ತೇನೆ."

ನರಹರಿ ಮಾರನೆಯ ದಿನದಿಂದ ಪಂಚೆಯನ್ನು ನೀರಿಗೆ ಹಾಕಲಿಲ್ಲ. ಕೊನೆಯ ಮೂರು ದಿನ ಮೂವತ್ತರ ಮೇಲಿನ ಸೆಖೆಯಲ್ಲಿ ಅದನ್ನೇ ಉಟ್ಟ, ಅದನ್ನೇ ಹೊದ್ದ. ಹದಿನೇಳರ ಬೆಳಗ್ಗೆ ಅದನ್ನು ನಾಲ್ಕು ಮಡಿಕೆ ಮಡಿಸಿ, ಲ್ಯಾಬಿನಲ್ಲಿ ಕೇಳಿ ತಂದ, ಗಾಳಿಯಾಡದ ಸ್ಯಾಂಪಲ್ ಚೀಲದಲ್ಲಿಟ್ಟು ಬಾಯಿ ಮುಚ್ಚಿದ. ಕೈ ತನ್ನ ಪಾಡಿಗೆ ತಾನು ಚೀಟಿ ಅಂಟಿಸಿ ಹೆಸರು, ತಾರೀಕು ಬರೆಯಿತು.

ವಿಮಾನ ನಿಲ್ದಾಣದ ಹೊರಗೆ ಮಾಸ್ಕು ಹಾಕಿಕೊಂಡು ನಿಂತಿದ್ದ ಬಸವಂತಪ್ಪ ಚೀಲವನ್ನು ಎತ್ತಿ ಹಿಡಿದು ನೋಡಿದ.

"ಇದೇನೋ ಇದು, ಆಸ್ಪತ್ರಿ ಸಾಮಾನಿನ ಹಂಗ ಐತಿ. ಯಾರರ ಕೇಳಿದ್ರ ಏನಂತ ಹೇಳ್ಲಿ?"

"ಧೋತ್ರ ಅಂತ ಹೇಳು ಬಸಣ್ಣ. ಮಗಳ ಜೋಲಿಗೆ."

"ಉಟ್ಟಿದ್ದೇನು?"

"ಹೂಂ."

"ಒಗದಿಲ್ಲ?"

"ಇಲ್ಲ."

ಬಸವಂತಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ತಿಳೀತು ಬಿಡು. ಕೈಚೀಲದಾಗ ಇಟ್ಕೊತೀನಿ," ಎಂದ.

ಬಸವಂತಪ್ಪ ಬೆಂಗಳೂರಿನ ಹೋಟೆಲೊಂದರಲ್ಲಿ ಕ್ವಾರಂಟೈನ್ ಮುಗಿಸಿ, ಪಂಚೆಯನ್ನು ಮೈಸೂರಿಗೆ ಮುಟ್ಟಿಸುವ ಹೊತ್ತಿಗೆ ಇಪ್ಪತ್ತೇಳಾಗಿತ್ತು. ಇತ್ತ ಲೈಡನ್ನಿನಲ್ಲಿ ಮಳೆ ಹಿಡಿದು, ಜನ ಮತ್ತೆ ಜಾಕೆಟ್ ಹುಡುಕತೊಡಗಿದ್ದರು.

ಮೂವತ್ತರ ಭಾನುವಾರ ನರಹರಿ ಬೆಳಗ್ಗೆ ಆರಕ್ಕೇ ಸ್ನಾನ ಮಾಡಿ ಫೋನಿನ ಮುಂದೆ ಕೂತ. ಮೈಸೂರಿನ ಮನೆಯ ನಡುಮನೆ, ಮಾವಿನೆಲೆ, ನಾಲ್ಕೇ ನಾಲ್ಕು ಜನ. ಸೂರಿನ ಕೊಕ್ಕೆಯಿಂದ ಬಿಳೀ ಜೋಲಿ ಇಳಿಬಿದ್ದಿತ್ತು. ಅದರ ಅಂಚನ್ನು ಅವನು ಸಾವಿರ ಪಂಚೆಗಳ ನಡುವೆಯೂ ಗುರುತಿಸಬಲ್ಲವನಾಗಿದ್ದ. ಇಂದಿರಮ್ಮ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಜೋಲಿಯಲ್ಲಿ ಮಲಗಿಸಿದರು. ಮಗು ಒಂದೆರಡು ಸಲ ಕಾಲು ಬಡಿದು, ತೂಗುತ್ತಿದ್ದಂತೆ ನಿದ್ದೆಹೋಯಿತು.

"ಎಷ್ಟು ಮೆತ್ತಗಿದೆ," ಎಂದರು ಇಂದಿರಮ್ಮ ಫೋನಿನ ಕಡೆ ತಿರುಗಿ. "ಎಷ್ಟು ವರ್ಷ ಉಟ್ಟಿದ್ರೋ ಏನೋ. ಬಂದ ದಿನಾನೇ ಹಂಡೆಗೆ ಹಾಕಿ, ಡೆಟಾಲ್ ಸುರಿದು, ಮೂರು ಕುದಿ ಕುದಿಸಿದೆ. ವಿಮಾನದಲ್ಲಿ ಬಂದಿದ್ದು, ಯಾರ್ಯಾರು ಮುಟ್ಟಿದ್ರೋ. ಈ ಕಾಲದಲ್ಲಿ ನಂಬೋ ಹಾಗಿಲ್ಲ ನೋಡಿ."

"ಒಳ್ಳೇದು ಮಾಡಿದ್ರಿ ಅತ್ತೆ," ಎಂದ ನರಹರಿ. ಅವರದೇನೂ ತಪ್ಪಿರಲಿಲ್ಲ. ಆ ವರ್ಷ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆಯುತ್ತಿದ್ದರು. ಆದರೂ ಮೂರು ದಿನ ಒಗೆಯದೆ ಉಳಿಸಿದ್ದ ಬೆವರು ಹಂಡೆಯಲ್ಲಿ ಕುದಿದುಹೋಗಿತ್ತು. ಮಗಳು ತನ್ನ ಬಟ್ಟೆಯಲ್ಲಿ ಮಲಗಿದ್ದಳು, ಆದರೆ ಆ ಬಟ್ಟೆಯಲ್ಲಿ ತಾನಿರಲಿಲ್ಲ.

ಊಟವೆಲ್ಲ ಮುಗಿದ ಮೇಲೆ ಹಿತಾ ಮಹಡಿಯ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಫೋನ್ ಮಾಡಿದಳು. "ಬೇಜಾರಾಯ್ತಾ?"

"ಏನಿಲ್ಲ ಬಿಡು."

"ಅಮ್ಮ ಹಂಡೆಗೆ ಹಾಕೋ ಮುಂಚೆ ತುದೀಲಿ ಒಂದು ಗೇಣು ಹರಿದಿಟ್ಕೊಂಡೆ. ದಿಂಬಿನ ಕೆಳಗಿದೆ. ಅಮ್ಮಂಗೆ ಗೊತ್ತಾದ್ರೆ ನನ್ನನ್ನೂ ಹಂಡೆಗೆ ಹಾಕ್ತಾರೆ."

"ಪಾಪೂಗೆ ಅಂತಾನಾ?"

"ಪಾಪೂಗೆ ಜೋಲಿ ಇದೆಯಲ್ಲ ರೀ," ಎಂದಳು. "ಅದು ನಂಗೆ."

ಫೋನ್ ಇಟ್ಟ ಮೇಲೆ ನರಹರಿ ಕಿಟಕಿಯಾಚೆ ನೋಡಿದ. ಹೊರಗೆ ಹದಿನೇಳು ಡಿಗ್ರಿ, ಸಣ್ಣ ಮಳೆ, ಟ್ರೂಸಳ ಟಬ್ಬು ತೋಟದಲ್ಲಿ ಬೋರಲು ಬಿದ್ದಿತ್ತು. ಒಂದು ಗೇಣು ಬಟ್ಟೆ ಎಷ್ಟು ದಿನಕ್ಕೆ ಬಂದೀತು ಎಂದು ಲೆಕ್ಕ ಹಾಕಿದ. ಎದ್ದು ಪೆಟ್ಟಿಗೆಯ ತಳದಿಂದ ಎರಡನೆಯ ಪಂಚೆ ತೆಗೆದ. ಮಿಲ್ಲಿನ ಚೀಟಿ ಕಿತ್ತು, ಮಡಿಕೆ ಬಿಚ್ಚಿ, ಚಳಿಗೆ ನಡುಗುತ್ತಲೇ ಉಟ್ಟುಕೊಂಡ.