ನೀರು ಬಿಡುವ ಮೊದಲು

ಆ ವರ್ಷ ನೀರು ಬಿಡುವ ಮೊದಲು ನನ್ನ ನಾಯಿಗೆ ಒಂದೇ ಒಂದು ವಿದ್ಯೆ ಕಲಿಸಬೇಕಾಗಿತ್ತು. ಕಾಲುವೆಯ ದಂಡೆಗೆ ಬಂದರೆ ನಿಲ್ಲುವುದು. ಕಲಿಯದಿದ್ದರೆ ಅದು ಉಳಿಯುತ್ತಿರಲಿಲ್ಲ.

ಭೀಮರಾಯನಗುಡಿಯ ಹತ್ತಿರದ ಊರೊಂದರಲ್ಲಿ ನಾನೂ ಅವ್ವನೂ ಇದ್ದೆವು. ಕಾಲುವೆಯ ಈಚೆ ಮನೆ, ಆಚೆ ನಾನು ಪಾಠ ಮಾಡುತ್ತಿದ್ದ ಶಾಲೆ. ಸೇತುವೆ ಇತ್ತು, ಆದರೆ ಸುತ್ತು ದಾರಿ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಯಿತೆಂದರೆ ಸೇತುವೆಯನ್ನು ಕೇಳುವವರೇ ಇಲ್ಲ. ಬಟ್ಟೆ ಒಗೆಯಲೆಂದು ಎರಡೂ ಕಡೆ ಮೆಟ್ಟಿಲು ಕಟ್ಟಿದ್ದರು; ಈ ಕಡೆ ಇಳಿದು ಆ ಕಡೆ ಹತ್ತಿದರೆ ಆಯಿತು. ಶಹಾಪುರದ ಬಸ್ಸು ಹಿಡಿಯುವವರು, ಶಾಲೆಯ ಮಕ್ಕಳು, ಆಡು, ಕುರಿ ಎಲ್ಲರದೂ ಅದೇ ದಾರಿ.

ನಾಯಿ ನಮ್ಮ ಮನೆ ಸೇರಿದ್ದು ಆ ಬೇಸಿಗೆಯಲ್ಲೇ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಹುಟ್ಟಿದಾಗಿನಿಂದ ಅದು ಕಾಲುವೆಯಲ್ಲಿ ನೀರು ಕಂಡದ್ದಿಲ್ಲ. ಅದಕ್ಕೆ ನಾನು ಕಲಿಸಿದ ಮೊದಲ ಆಟವೆಂದರೆ, ಆಚೆ ದಂಡೆಯಲ್ಲಿ ನಿಂತು ‘ಬಾ’ ಅನ್ನುವುದು. ಅದು ಮೆಟ್ಟಿಲಿಳಿದು, ಒಣ ಕಾಲುವೆ ದಾಟಿ, ಎದುರಿನ ಮೆಟ್ಟಿಲು ಹತ್ತಿ ಬಂದು ನನ್ನ ಕೈಯ ರೊಟ್ಟಿ ತುಂಡು ತಿನ್ನುತ್ತಿತ್ತು. ಎಷ್ಟು ಚೆಂದ ಬರುತ್ತಿತ್ತೆಂದರೆ, ಕಂಡಕಂಡವರಿಗೆಲ್ಲ ತೋರಿಸಿ ಬೀಗುತ್ತಿದ್ದೆ.

ಒಂದು ದಿನ ಕಾಲುವೆಯ ಗೇಟು ನೋಡಿಕೊಳ್ಳುವ ಚಾಚಾನಿಗೂ ತೋರಿಸಿದೆ. ಅವರು ಹೊಗಳಲಿಲ್ಲ. ಬೀಡಿ ಆರಿಸಿ, “ನೀರ್ ಬಿಡೋ ದಿನ ಭಾಳ ದೂರಿಲ್ರಿ ಟೀಚರ್. ನಿಮ್ಮ ನಾಯಿಗಿ ಕಾಲುವಿ ಅಂದ್ರ ರಸ್ತಾ ಆಗ್ಯಾದ” ಅಂದರು. ಹಿಂದಿನ ವರ್ಷ ಒಂದು ಆಡು ಹಾಗೆಯೇ ಇಳಿದು ಹೋಗಿತ್ತು. ಸಿಮೆಂಟಿನ ಇಳಿಜಾರಿಗೆ ಪಾಚಿ, ನೀರಿಗೆ ಸೆಳೆತ. ಬಿದ್ದದ್ದು ಮೇಲೆ ಬರುವುದಿಲ್ಲ.

ಹಗ್ಗದಲ್ಲಿ ಕಟ್ಟಿಹಾಕು ಎಂದು ಓಣಿಯವರು ಹೇಳಿದರು. ಕಟ್ಟಿದೆ, ಹಗ್ಗ ಕಡಿದು ಬಂತು. ಆಗ ಹಟ ಹಿಡಿದೆ. ಮೂವತ್ತು ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುವವಳಿಗೆ ಒಂದು ನಾಯಿಯನ್ನು ನಿಲ್ಲಿಸಲಾಗದೇ ಎಂಬ ಸೊಕ್ಕೂ ಇತ್ತು. ದಿನಾ ಬೆಳಿಗ್ಗೆ ದಂಡೆಗೆ ಕರೆದೊಯ್ದು ‘ನಿಲ್ಲು’ ಎಂದು ಕೂಗುತ್ತಿದ್ದೆ. ಅದು ಬಾಲ ಮುದುರಿ, ನನ್ನಿಂದ ತಪ್ಪಿಸಿಕೊಳ್ಳಲು ಕಾಲುವೆಗೇ ಇಳಿಯುತ್ತಿತ್ತು. ನಾನು ಇನ್ನೂ ಜೋರಾಗಿ ಕೂಗುತ್ತಿದ್ದೆ. ಗಂಟಲು ಬಿದ್ದುಹೋಯಿತು, ನಾಯಿಗೆ ಮಾತ್ರ ಏನೂ ಹತ್ತಲಿಲ್ಲ.

ಅವ್ವ ಇದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದಳು. ನಮ್ಮದು ಬೌದ್ಧರ ಮನೆ. ವಿಹಾರದಲ್ಲಿ ಕಲಿತು ಬಂದಾಗಿನಿಂದ ಅವ್ವ ಬೆಳಗಾಗುತ್ತಲೇ ಅಂಗಳದಲ್ಲಿ ಕಣ್ಮುಚ್ಚಿ ಧ್ಯಾನಕ್ಕೆ ಕೂತು ಉಸಿರು ನೋಡುತ್ತಿದ್ದಳು. ನಾನು ಅದನ್ನು ಕೆಲಸವಿಲ್ಲದವರ ಕೆಲಸವೆಂದು ಚೇಷ್ಟೆ ಮಾಡುತ್ತಿದ್ದೆ. ಆದರೆ ಅವ್ವ ಕೂತಳೆಂದರೆ ನಾಯಿಯೂ ಪಕ್ಕದಲ್ಲಿ ಕೂರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಕೋಳಿ ಮೂಗಿನ ಮುಂದೆ ಹಾದರೂ ಏಳುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

“ನಿನ್ನ ಬಾಯಿ ನಿಲ್ಲು ಅಂತದ, ನಿನ್ನ ಮೈ ಓಡಾಕತ್ತದ,” ಅಂದಳು ಅವ್ವ. “ಅದು ಯಾವುದನ್ನ ಕೇಳಬೇಕು? ಮೊದ್ಲ ನೀ ಕುಂದ್ರು.”

ಸಿಟ್ಟು ಬಂತು. ಆದರೂ ಮರುದಿನ ದಂಡೆಯ ಮೆಟ್ಟಿಲ ಹತ್ತಿರ ನಾಯಿಯ ಜೊತೆ ಸುಮ್ಮನೆ ಕೂತೆ. ಒಳಗೆ ಹೋಗುವ ಉಸಿರು, ಹೊರಗೆ ಬರುವ ಉಸಿರು. ಅಷ್ಟರಲ್ಲಿ ಮನಸ್ಸು ಶಾಲೆಯ ಬಿಸಿಯೂಟದ ಬೇಳೆಗೆ ಹೋಗಿತ್ತು. ಕಣ್ಣು ತೆರೆದರೆ ನಾಯಿ ಎದ್ದು ಹೊರಟಿದೆ. ಮತ್ತೆ ಕೂತೆ. ಮನಸ್ಸು ಮುಖ್ಯ ಗುರುಗಳ ಜೊತೆ ಜಗಳಕ್ಕೆ ಹೋಯಿತು. ನಾಯಿ ಆಡಿನ ಹಿಂದೆ ಹೋಯಿತು. ನಾನು ಒಳಗೆ ಅತ್ತಿತ್ತ ಅಲೆದದ್ದು ಅದಕ್ಕೆ ಹೇಗೆ ಗೊತ್ತಾಗುತ್ತಿತ್ತೋ. ನನ್ನ ಭುಜವೋ, ಬೆರಳೋ ಹೇಳಿಬಿಡುತ್ತಿದ್ದವೇನೋ. ಅಂತೂ ನನ್ನ ಕಳ್ಳತನ ಹಿಡಿಯುವುದರಲ್ಲಿ ಅದು ಬಲು ಚುರುಕು.

ಬಿಡಲಿಲ್ಲ. ದಿನವೂ ಹೋದೆ. ಉಸಿರು ತಪ್ಪಿದರೆ ಬೈದುಕೊಳ್ಳದೆ ಮತ್ತೆ ಹಿಡಿಯುವುದು ಅಭ್ಯಾಸವಾಯಿತು. ನಾಯಿ ನನ್ನ ಮೊಣಕಾಲಿಗೆ ಬೆನ್ನು ತಾಗಿಸಿ ಕೂರತೊಡಗಿತು. ಅದರ ಪಕ್ಕೆ ಏರುವುದು ಇಳಿಯುವುದು ನನ್ನ ಕಾಲಿಗೇ ತಿಳಿಯುತ್ತಿತ್ತು. ಎದ್ದ ಮೇಲೆ ಮೆಟ್ಟಿಲ ಕಡೆ ತಿರುಗದೆ ದಂಡೆಗುಂಟ ನಡೆದು ಸೇತುವೆಯ ಮೇಲೆ ದಾಟುತ್ತಿದ್ದೆವು. ಆಮೇಲಾಮೇಲೆ ಅವ್ವನ ಹತ್ತಿರ ಅದನ್ನು ಬಿಟ್ಟು ನಾನೊಬ್ಬಳೇ ಆಚೆ ಹೋಗಿ ಕೂರುತ್ತಿದ್ದೆ. ಒಮ್ಮೆ ಈಚೆಯೇ ಕೂತಿತು. ಮೂರು ಸಲ ಕಾಲುವೆ ದಾಟಿ ಬಂತು. ಬೈಯದೆ ಮತ್ತೆ ಶುರುಮಾಡಿದೆ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ನಾಳೆ ನೀರು ಬರುತ್ತದೆ ಅಂದಿದ್ದರು. ಬಂದದ್ದು ಅಂದೇ, ನಾನು ಶಾಲೆಯಲ್ಲಿದ್ದಾಗ. ಸಂಜೆ ದಂಡೆಗೆ ಬಂದರೆ ಕೆಂಪು ನೀರು ಮೆಟ್ಟಿಲುಗಳನ್ನು ನುಂಗಿ ಕಸಕಡ್ಡಿ ಎಳೆದುಕೊಂಡು ಹೋಗುತ್ತಿದೆ. ಎದುರಿಗೆ, ಮನೆಯ ಕಡೆಯ ದಂಡೆಯಲ್ಲಿ ನಾಯಿ. ದಿನದಂತೆ ನನಗಾಗಿ ಕಾದು ನಿಂತಿದೆ, ಒಂಟಿಯಾಗಿ. ನನ್ನನ್ನು ಕಂಡದ್ದೇ ಬಾಲ ಆಡಿಸಿ ಮುಂಗಾಲನ್ನು ಮುಳುಗದೆ ಉಳಿದಿದ್ದ ಮೇಲಿನ ಮೆಟ್ಟಿಲಿಗೆ ಇಟ್ಟಿತು.

ಕೂಗಿದರೆ ನನ್ನ ದನಿಗೆ ಬೆದರಿ ಇಳಿಯುತ್ತದೆ. ಸೇತುವೆಯ ಕಡೆ ಓಡಿದರೆ ನನ್ನತ್ತ ನೆಟ್ಟಗೆ ನೀರಿಗೇ ಬರುತ್ತದೆ. ಉಟ್ಟ ಸೀರೆಯಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಉಸಿರು ಸಿಗಲೊಲ್ಲದು, ಎದೆಯಲ್ಲೇ ಸಿಕ್ಕಿಕೊಂಡಿತ್ತು. ಕಣ್ಣು ಮುಚ್ಚಲು ಧೈರ್ಯ ಬರಲಿಲ್ಲ. ಅದನ್ನೇ ನೋಡುತ್ತ, ಹೊರಗೆ ಹೋಗುವ ಒಂದು ಉಸಿರನ್ನು ಕೊನೆಯ ತನಕ ಹೋಗಲು ಬಿಟ್ಟೆ. ಇನ್ನೊಂದು. ಭುಜ ಇಳಿಯಿತು.

ನಾಯಿ ನೀರನ್ನು ನೋಡಿತು, ನನ್ನನ್ನು ನೋಡಿತು. ಮುಂಗಾಲು ಹಿಂದಕ್ಕೆ ತೆಗೆದುಕೊಂಡಿತು. ಕೂತಿತು.

ಇಬ್ಬರೂ ಹಾಗೆಯೇ ಇದ್ದೆವು, ನಡುವೆ ಅಷ್ಟು ನೀರು. ಆಮೇಲೆ ನಾನು ಮೆಲ್ಲಗೆ ಎದ್ದು ದಂಡೆಗುಂಟ ನಡೆದೆ. ಎದುರು ದಂಡೆಯ ಮೇಲೆ ಅದೂ ನನ್ನ ಸರಿಸಮ ನಡೆಯಿತು. ನಾನು ಅವಸರ ಮಾಡಲಿಲ್ಲ, ಅದೂ ಮಾಡಲಿಲ್ಲ. ಸೇತುವೆಯ ನಡುವೆ ಸೇರಿದಾಗ ನೆಲಕ್ಕೆ ಕುಸಿದು ಅದರ ಕೊರಳು ತಬ್ಬಿಕೊಂಡು ಅತ್ತೆ. ಕೊಡಲು ಕೈಯಲ್ಲಿ ರೊಟ್ಟಿ ತುಂಡು ಕೂಡ ಇರಲಿಲ್ಲ. ಅದು ಕೇಳಲೂ ಇಲ್ಲ.