ಆ ಹಲ್ಲು ತಿಕ್ಕಿದವಳು ನಾನು

ಆಗ ನನಗೆ ನಲವತ್ತೆರಡು. ಇಪ್ಪತ್ತು ವರ್ಷದ ಹಿಂದಿನ ಮಾತು. ನಸ್ರೀನ್, ಆ ದವಡೆಯ ಹಲ್ಲುಗಳನ್ನು ತಿಕ್ಕಿದ್ದು ನಾನು. ನೀನಲ್ಲ.

ಕಾಕ್ಸ್‌ಟೌನಿನ ಮೇಡಂ ಮನೆಯಲ್ಲಿ ನಾನು ಕಸ ಮುಸುರೆ ಮಾಡುತ್ತಿದ್ದೆ, ನೀನು ಅವರ ಹತ್ತಿರ ಓದಲು ಬರುತ್ತಿದ್ದೆ. ಹೊಳೆ ದಂಡೆಯಲ್ಲಿ ಅಗೆದು ತಂದ, ಸಾವಿರಾರು ವರ್ಷ ಹಳೆಯ ಮನುಷ್ಯನ ದವಡೆ ಅದು. ನನ್ನನ್ನೂ ಕರೆದು ತೋರಿಸಿದವಳು ನೀನೇ.

"ಇದು ನಮ್ಮವರದಾ, ಇಲ್ಲ ನಮ್ಮ ದೊಡ್ಡಪ್ಪನ ಮಕ್ಕಳ ಥರ ಇದ್ದ ಬೇರೆ ಮನುಷ್ಯರದಾ, ನೋಡ್ಬೇಕು ಅಕ್ಕ. ಆ ಜನ ಒಬ್ರೂ ಉಳಿದಿಲ್ಲ."

"ಯಾಕೆ, ಆಸ್ತಿ ಜಗಳಾನಾ?" ಅಂದೆ. ನೀನು ಬಿದ್ದು ಬಿದ್ದು ನಕ್ಕೆ.

ಒಂದು ದಿನ ಅದನ್ನು ನೋಡಲು ಯಾರೋ ದೊಡ್ಡವರು ಬರುವವರಿದ್ದರು. ನೀನು ಕಪಾಟಿನಲ್ಲಿಡಲು ಮರೆತು ಊಟಕ್ಕೆ ಹೋಗಿದ್ದೆ. ಹಲ್ಲಿನ ಬುಡಕ್ಕೆಲ್ಲ ಕಂದು ಪಾಚಿ. ಬಂದವರ ಮುಂದೆ ಇಷ್ಟು ಕೊಳಕು ಇಡುವುದೇ ಅನ್ನಿಸಿತು. ಪಾತ್ರೆ ಪುಡಿ ಹಾಕಿ ಸ್ಟೀಲ್ ನಾರಿನಲ್ಲಿ ತಿಕ್ಕಿದೆ. ಗಟ್ಟಿಯಾಗಿ ಕೂತಿದ್ದನ್ನು ಚಾಕುವಿನ ಮೊನೆಯಿಂದ ಕೆತ್ತಿದೆ. ನಿನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ —

ಆ ಪಾಚಿಯಲ್ಲೇ ಎಲ್ಲ ಇತ್ತಂತೆ. ಅವರು ತಿಂದ ಗೆಡ್ಡೆ, ಕಾಳು, ಬಾಯಿಗೆ ಹೋದ ಒಲೆಯ ಹೊಗೆ. ಅದನ್ನು ನೋಡಿ ಹೇಳುವುದೇ ನಿನ್ನ ಓದಂತೆ. ಮೇಡಂ ಕಿರುಚಿದಾಗ ತಿಳಿಯಿತು.

"ಹೊರಗೆ ಬಿಟ್ಟು ಹೋಗಿದ್ದು ನಾನೇ ಮೇಡಂ. ತೊಳ್ದಿಲ್ಲ," ಎಂದು ನೀನು ಅಂದೆ.

ಮೇಡಂ ನನ್ನ ಕಡೆ ತಿರುಗಿದರು. "ನೀನು ಮುಟ್ಟಿದ್ಯಾ?"

"ಥೂ, ಆ ಮೂಳೆನ ನಾನ್ಯಾಕೆ ಮುಟ್ಲಿ?"

ಇಷ್ಟೇ ಅಂದದ್ದು. ನೀನು ನನ್ನ ಕೈ ನೋಡುತ್ತಿದ್ದೆ. ಉಗುರ ಸಂದಿಯಲ್ಲಿ ಪುಡಿ ಇನ್ನೂ ಬೆಳ್ಳಗಿತ್ತು. ನಿನಗೆ ಗೊತ್ತಾಯಿತು. ಆದರೂ ನೀನು — ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಭಯ ನನಗಿತ್ತು. ಅದನ್ನು ನೆಪ ಮಾಡುವುದಿಲ್ಲ. ಮೇಡಂ ನಿನಗೆ ಇನ್ನು ಬರಬೇಡ ಅಂದರು. ನಿಮ್ಮಪ್ಪ ಓದಿದ್ದು ಸಾಕು ಅಂದರು.

ಹೋದ ರಂಜಾನಿನಲ್ಲಿ ಶಿವಾಜಿನಗರದ ನಿಮ್ಮ ಬಳೆ ಅಂಗಡಿಯಿಂದ ನೀನೇ ಕೂಗಿದೆ, "ಅಕ್ಕ, ಚೆನ್ನಾಗಿದ್ದೀರಾ?" ಅದೇ ಕೈ ಹಿಡಿದು ಬಳೆ ತೊಡಿಸಿದೆ. ಆಗಲೂ ನಾನು ಹೇಳಲಿಲ್ಲ.

ಆಗ, ಮೇಡಂ ನಿನ್ನನ್ನು ಕಳಿಸಿದ ಮರುದಿನ ಬೆಳಿಗ್ಗೆ, ನಾನು ಎಂದಿನಂತೆ ಅವರ ಮನೆಗೆ ಕೆಲಸಕ್ಕೆ ಹೋದೆ. ಸಿಂಕಿನಲ್ಲಿ ನಿನ್ನ ಲೋಟವಿತ್ತು. ತಳದಲ್ಲಿ ಟೀ ಒಣಗಿ ಕಂದು ಗೆರೆ. ಪುಡಿ ಹಾಕಿ, ತಿಕ್ಕಿ, ತೊಳೆದು ಬೋರಲು ಹಾಕಿದೆ.